ಆರು ಮೀಟರ್ ದೂರದ ಪಾಠ

ಕಣ್ಣಿನ ಚಿತ್ರವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಹಳ್ಳಿಯೊಂದರಲ್ಲಿ ಮಾಸ್ತರನಾದ ಹೊಸತರಲ್ಲಿ, ‘ಸಮೀಪದೃಷ್ಟಿ ದೋಷಕ್ಕೆ ನಿಮ್ನ ಮಸೂರ’ ಎಂದು ಹುಡುಗರಿಂದ ಬಾಯಿಪಾಠ ಮಾಡಿಸುತ್ತಿದ್ದೆ. ಅದೇ ತರಗತಿಯ ಕೊನೆಯ ಸಾಲಿನಲ್ಲಿ ಒಬ್ಬ ಹುಡುಗ ಕಣ್ಣು ಕಿರಿದು ಮಾಡಿ ಕೂಡುತ್ತಿದ್ದ. ಹಲಗೆಯ ಮೇಲಿನದನ್ನು ತಪ್ಪುತಪ್ಪಾಗಿ ಬರೆದುಕೊಳ್ಳುತ್ತಿದ್ದ. ದಡ್ಡನೆಂದು ಬೈದೆ, ಬೆಂಚಿನ ಮೇಲೆ ನಿಲ್ಲಿಸಿದೆ. ಒಂಬತ್ತನೇ ತರಗತಿಗೆ ಅವನು ಶಾಲೆ ಬಿಟ್ಟ. ಅವನಿಗೆ ಹಲಗೆಯೇ ಕಾಣುತ್ತಿರಲಿಲ್ಲ ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಶಾಲಾ ಮಕ್ಕಳ ಕಣ್ಣಿನ ತಪಾಸಣೆಯ ತರಬೇತಿಗೆ ಹೋದಾಗ.

ಎರಡು ವರ್ಷದ ಹಿಂದೆ ಕೆಂಭಾವಿಯ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯ ಜೊತೆ ಬಂದಳು. ಆಗ ಪಿ.ಯು.ಸಿ. ಮೊದಲ ವರ್ಷ. “ಸರ್, ನಾ ಕಣ್ಣಿನ ಡಾಕ್ಟರ್ ಆಗ್ಬೇಕಂತ ಮಾಡೀನ್ರಿ. ಅಮೆರಿಕಾದಾಗ ಮೆಡಿಕಲ್ ಸೇರೂಕಿಂತ ಮೊದ್ಲ ದವಾಖಾನ್ಯಾಗ ಕೆಲಸ ನೋಡ್ತಾರಂತ, ಸಂಶೋಧನಾ ಮಾಡ್ತಾರಂತ. ನಮ್ಮೂರಾಗ ಏನ್ ಮಾಡ್ಲಿಕ್ಕ ಆಗ್ತದರಿ?”

ಅಲ್ಲಿ ಒಂದು ಪದವಿ ಮುಗಿಸಿದ ಮೇಲೆ ವೈದ್ಯಕೀಯ ಕಾಲೇಜು. ಅರ್ಜಿಯಲ್ಲಿ ಅಂಥ ಅನುಭವಕ್ಕೂ ಬೆಲೆ. ನಮ್ಮಲ್ಲಿ ಪಿ.ಯು.ಸಿ. ಮುಗಿದೊಡನೆ ನೀಟ್. 2022ರಲ್ಲಿ ಯಾದಗಿರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದರೂ ಬಾಗಿಲು ತೆರೆಯುವುದು ಆ ರ‍್ಯಾಂಕೇ. ತಂದೆ ಕೇಳಿದರು: “ಇದರಿಂದ ನೀಟಿಗೆ ಎಷ್ಟು ಮಾರ್ಕ್ಸ್ ಬರ್ತಾವ್ರಿ?”

“ಒಂದೂ ಬರೂದಿಲ್ರಿ. ಆದ್ರ ಈ ಕೆಲಸ ತನಗ ಒಗ್ಗತದೋ ಇಲ್ಲೋ ಅನ್ನೂದು ರೊಕ್ಕ ಸುರಿಯೂಕಿಂತ ಮೊದ್ಲ ಗೊತ್ತಾಗ್ತದ,” ಎಂದೆ. ಒಲ್ಲದ ಮನಸ್ಸಿನಿಂದ ಶನಿವಾರ ಮಧ್ಯಾಹ್ನದ ಎರಡು ತಾಸು ಕೊಟ್ಟರು.

1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳ ಮೊದಲ ಹಂತದ ತಪಾಸಣೆಯನ್ನು ತರಬೇತಿ ಪಡೆದ ಶಿಕ್ಷಕರೇ ಮಾಡಬಹುದು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಆಕೆಯನ್ನು ನನ್ನ ಸಹಾಯಕಿಯಾಗಿ ಇಟ್ಟುಕೊಂಡೆ. ಟೇಪು ಹಿಡಿದು ಆರು ಮೀಟರ್ ಅಳೆದು ಗೆರೆ ಎಳೆದೆವು. ಗೋಡೆಗೆ ಇಂಗ್ಲಿಷಿನ ‘ಇ’ ಅಕ್ಷರವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಬರೆದ ಪಟ. ಓದು ಬಾರದ ಮಗುವೂ ಅದರ ಕಾಲುಗಳು ಯಾವ ಕಡೆ ಇವೆಯೆಂದು ಕೈ ಮಾಡಿ ತೋರಿಸಬಹುದು.

ಮೊದಲ ದಿನವೇ ತೊಡಕು. ಕೆಲವರು ಬೆರಳ ಸಂದಿಯಿಂದ ಇಣುಕಿದರು. ಕೆಲವರು ಮುಂದಿನವನ ಉತ್ತರ ಕೇಳಿಸಿಕೊಂಡು ಒಪ್ಪಿಸಿದರು. ಆ ದಿನದ ದಾಖಲೆ ನಂಬುವಂತಿಲ್ಲವೆಂದು ಆಕೆಯೇ ಗೆರೆ ಹೊಡೆದು, ಮರುವಾರ ಒಬ್ಬೊಬ್ಬರನ್ನೇ ಒಳಗೆ ಕರೆದಳು. ಸಂಶೋಧನೆಯ ಮೊದಲ ಪಾಠ ಇದೇ.

ಪಟ ಓದಲಾಗದವರಿಗೆ ಸೂಜಿಯಿಂದ ತೂತು ಮಾಡಿದ ರಟ್ಟು ಕೊಟ್ಟೆವು. ಸೂಜಿರಂಧ್ರ ಕ್ಯಾಮರಾದ ಪಾಠ ನೆನಪಿದೆಯಲ್ಲ? ಸಣ್ಣ ರಂಧ್ರ ಅಂಚಿನ ಕಿರಣಗಳನ್ನು ತಡೆಯುತ್ತದೆ. ಅದರಲ್ಲಿ ನೋಡಿದಾಗ ಅಕ್ಷರ ತಿಳಿಯಾದರೆ ಬಹುಮಟ್ಟಿಗೆ ಕನ್ನಡಕ ಸಾಕು. ಆಗದಿದ್ದರೆ ಬೇರೆ ಕಾರಣವಿರಬಹುದು, ವೈದ್ಯರು ಬೇಗ ನೋಡಬೇಕು. ಕಣ್ಣಿಗೆ ಔಷಧಿ ಹಾಕಬಾರದು, ರೋಗದ ಹೆಸರು ಹೇಳಬಾರದು, ವಹಿಯಲ್ಲಿ ಮಗುವಿನ ಹೆಸರಿಗೆ ಬದಲು ಸಂಖ್ಯೆ ಬರೆಯಬೇಕು—ಇವು ನಮ್ಮ ಕಟ್ಟಳೆ.

ಶಾಲೆಯಿಂದ ಪಟ್ಟಿ ತಾಲ್ಲೂಕು ಆಸ್ಪತ್ರೆಗೆ ಹೋಯಿತು, ಕನ್ನಡಕಗಳೂ ಬಂದವು. ನನ್ನ ಪಾಲಿಗೆ ಕೆಲಸ ಮುಗಿದಿತ್ತು. ಆಕೆ ಎರಡು ತಿಂಗಳ ಮೇಲೆ ತರಗತಿಗೆ ಹೋಗಿ ನೋಡಿದಳು. ಹಲವರ ಮುಖದ ಮೇಲೆ ಕನ್ನಡಕವೇ ಇಲ್ಲ! ಬೈಯದೆ ಕೂತು ಕೇಳಿದಳು. ಒಬ್ಬನಿಗೆ ಗೆಳೆಯರು ‘ಸೋಡಾಬುಡ್ಡಿ’ ಎನ್ನುತ್ತಿದ್ದರು. ಒಬ್ಬನದು ಕಾಲು ಮುರಿದಿತ್ತು, ಹೇಳಲು ಅಂಜಿಕೆ. ಒಬ್ಬಳ ಅವ್ವ “ಚಸ್ಮಾ ಹಾಕ್ಕೊಂಡ ಹುಡುಗೀನ ಯಾರು ಮಾಡ್ಕೋತಾರ?” ಎಂದು ಟ್ರಂಕಿನಲ್ಲಿಟ್ಟಿದ್ದಳು. ಆ ಮನೆಗೆ ಆಕೆ ಮೂರು ಸಲ ಹೋದ ಮೇಲೆ ಟ್ರಂಕು ತೆರೆಯಿತು.

ಡಿಗ್ರಿ ಇಲ್ಲದವರಿಂದ ಏನಾದೀತು ಎನ್ನಬೇಡಿ. ನೇಪಾಳದ ಭಕ್ತಪುರದಲ್ಲಿ ತರಬೇತಿ ಪಡೆದ ಹಳ್ಳಿಯ ಕಾರ್ಯಕರ್ತರು ಕಣ್ಣಿಗೆ ಪೆಟ್ಟಾದವರನ್ನು ಗುರುತಿಸಿ ಕಣ್ಣಿನ ಕೇಂದ್ರಗಳಿಗೆ ಕಳಿಸಿದರು; ಅಲ್ಲಿ ಕಾರ್ನಿಯಾ ತರಚಿದ 442 ಜನರಿಗೆ ಮುಲಾಮಿನ ಚಿಕಿತ್ಸೆ ಕೊಟ್ಟು ದಾಖಲೆ ಇಟ್ಟರು. 2001ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪೆಟ್ಟಾದ 18 ತಾಸಿನೊಳಗೆ ಚಿಕಿತ್ಸೆ ಪಡೆದವರಲ್ಲಿ ಒಬ್ಬರಿಗೂ ಕಣ್ಣಿನಲ್ಲಿ ಹುಣ್ಣಾಗಲಿಲ್ಲ. ಜೋಳದ ದಂಟು, ಹತ್ತಿಕಟ್ಟಿಗೆ ಕಣ್ಣಿಗೆ ಬಡಿಯುವ ನಮ್ಮ ಕಡೆಗೂ ಇದು ದೊಡ್ಡ ಮಾತು.

ನಮ್ಮ ಹುಡುಗಿಗೆ ಮೊದಲ ಸಲ ಸೀಟು ಸಿಗಲಿಲ್ಲ. ಮತ್ತೆ ನೀಟಿಗೆ ಓದುತ್ತಿದ್ದಾಳೆ. “ಈ ಸಲಾನೂ ಆಗ್ಲಿಲ್ಲಂದ್ರ ಆಪ್ಟೋಮೆಟ್ರಿ ಓದ್ತೀನ್ರಿ ಸರ್, ಕಣ್ಣಿನ ಕೆಲಸ ಮಾತ್ರ ಬಿಡಂಗಿಲ್ಲ,” ಎನ್ನುತ್ತಾಳೆ. ಶನಿವಾರ ಆಕೆಯನ್ನು ಬೈಕಿನ ಮೇಲೆ ಕರೆತರುವವರು ಈಗ ಆ ತಂದೆಯೇ. ಮಕ್ಕಳೇ, ನೀವೂ ನಿಮ್ಮ ಮಾಸ್ತರರನ್ನು ಕೇಳಿ ನೋಡಿ. ತಂದೆತಾಯಿಗಳೇ, ವಾರಕ್ಕೆ ಎರಡು ತಾಸು ಬಿಟ್ಟುಕೊಡಿ.

ಹೋದ ತಿಂಗಳು ಸಂತೆಯಲ್ಲಿ ಆ ಕೊನೆಯ ಸಾಲಿನ ಹುಡುಗ ಕಂಡ. ತಲೆ ನರೆತಿದೆ. ನೋಟನ್ನು ಮೂಗಿನ ಹತ್ತಿರ ಹಿಡಿದು ಎಣಿಸುತ್ತಿದ್ದ. ನನ್ನದು ತಪ್ಪಾಯಿತು ಎಂದೆ. “ಬಿಡ್ರಿ ಸರ್, ಹಳೀ ಮಾತು,” ಎಂದು ನಕ್ಕ. ಬರುವ ಸೋಮವಾರ ಅವನನ್ನು ಕಣ್ಣಿನ ತಪಾಸಣೆಗೆ ಕರೆದುಕೊಂಡು ಹೋಗುವವನಿದ್ದೇನೆ.