ನೀರು ಕೇಳಲಿಕ್ಕೆ ಇಂಗ್ಲಿಷ್ ಯಾಕೆ?

ಮಮದಾಪುರದಂಥ ನಮ್ಮ ಊರುಗಳಲ್ಲಿ ಯಾರೂ ಭಾಷೆಯನ್ನು ಬರೀ ಪುಸ್ತಕದಿಂದ ಕಲಿತವರಲ್ಲ. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಕೊಲ್ಲಾಪುರದ ಕಡೆಯ ವ್ಯಾಪಾರಿ ಬಂದರೆ ನಾಲ್ಕು ಮಾತು ಮರಾಠಿ. ತಕ್ಕಡಿಯ ಮುಂದೆ ನಿಂತವನಿಗೆ ವ್ಯಾಕರಣ ಬೇಡ, 'ಎಷ್ಟ್ರೀ?' ಎನ್ನುವುದು ಬಂದರೆ ಸಾಕು. ಇಷ್ಟೆಲ್ಲ ಭಾಷೆ ಆಡುವ ಹುಡುಗ ಹತ್ತನೇ ತರಗತಿಯ ಇಂಗ್ಲಿಷಿನಲ್ಲಿ ನಪಾಸಾದ ಕೂಡಲೇ 'ನನಗ ಭಾಷೆ ಹತ್ತೂದಿಲ್ಲ' ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಳ್ಳುತ್ತಾನೆ.

ನನ್ನ ಅಕ್ಕನ ಮಗ ಅಂಥವನು. ರೋಗಿಗಳ ಆರೈಕೆಯ ತರಬೇತಿ ಪಡೆದವನು. ನಿರ್ದಿಷ್ಟ ಕೌಶಲವುಳ್ಳ ಕೆಲಸಗಾರರನ್ನು ಕಳಿಸುವ ಬಗ್ಗೆ ಭಾರತ ಮತ್ತು ಜಪಾನ್ 2021ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿವೆ. ವೃದ್ಧರ ಆರೈಕೆಯೂ ಅದರಲ್ಲಿ ಸೇರಿದೆ. ಕೆಲಸದ ಪರೀಕ್ಷೆಯ ಜೊತೆಗೆ ಜಪಾನಿ ಭಾಷೆಯ ಪರೀಕ್ಷೆಯನ್ನೂ ಪಾಸಾಗಬೇಕು. ಹುಡುಗ ನಗರದ ಒಂದು ತರಗತಿಗೆ ಸೇರಿದ, ಮೂರೇ ವಾರಕ್ಕೆ ಗಂಟುಮೂಟೆ ಕಟ್ಟಿಕೊಂಡು ಬಂದ. 'ಮಾಮೂ, ಜಪಾನಿ ತಿಳೀತದ. ಅದನ್ನ ಹೇಳಿಕೊಡೋ ಇಂಗ್ಲಿಷೇ ತಿಳೀವಲ್ದು' ಅಂದ.

ಅವನ ವಹಿ ತೆಗೆದು ನೋಡಿದೆ. 'ಮಿಜು ಒ ಕುದಸಾಯ್' ಎಂದಿತ್ತು. ಮಿಜು ಅಂದರೆ ನೀರು, ಒ ಅಂದರೆ ನಮ್ಮ 'ಅನ್ನು', ಕುದಸಾಯ್ ಅಂದರೆ ಕೊಡಿ. ನೀರನ್ನು ಕೊಡಿ! ಇಂಗ್ಲಿಷಿನಲ್ಲಿ ಇದು ತಲೆಕೆಳಗಾಗುತ್ತದೆ, ಕೊಡುವುದು ಮೊದಲು, ನೀರು ಆಮೇಲೆ. ಕನ್ನಡದ ಹುಡುಗ ವಾಕ್ಯವನ್ನು ಒಮ್ಮೆ ಇಂಗ್ಲಿಷಿಗೆ ತಿರುವಿ, ಮತ್ತೆ ಜಪಾನಿಗೆ ತಿರುವಬೇಕು. ಪಕ್ಕದ ಮನೆಗೆ ಹೋಗಲು ಊರು ಸುತ್ತಿ ಬಂದಂತೆ.

'ನನ್ ನೊ ನಿಕು ದೆಸು ಕ?' ಎನ್ನುವುದು ಇನ್ನೊಂದು ವಾಕ್ಯ. ಉರ್ದುವಿನಲ್ಲಿ 'ಕಿಸ್ ಕಾ ಗೋಶ್ತ್ ಹೈ?', ಕನ್ನಡದಲ್ಲಿ 'ಯಾವುದರ ಮಾಂಸ ಐತ್ರಿ?' ಪದಗಳ ಸಾಲು ಕದಲುವುದೇ ಇಲ್ಲ. ನೋವು ಇದೆಯೇ ಎಂದು ಮುದುಕರನ್ನು ಕೇಳಬೇಕಾದರೆ 'ಇತಾಯ್ ದೆಸು ಕ?' ಇದರಲ್ಲಿ 'ದೆಸು' ತರುವ ಮರ್ಯಾದೆಯನ್ನು ಇಂಗ್ಲಿಷಿನಲ್ಲಿ ವಿವರಿಸಲು ಅರ್ಧ ಪುಟ ಬೇಕು. ನಮ್ಮ ಕಡೆಯವರಿಗೆ 'ನೋಯತೈತೇನ್ರಿ?' ಎಂಬುದರ ಕೊನೆಯ 'ರಿ' ತೋರಿಸಿದರೆ ಮುಗಿಯಿತು. ಅಕ್ಷರಮಾಲೆಯೂ ಪರಕೀಯವಲ್ಲ. ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ. ಬೌದ್ಧ ಭಿಕ್ಷುಗಳು ಕಲಿತ ಸಂಸ್ಕೃತ ವರ್ಣಮಾಲೆಯ ಕ್ರಮದ ಗುರುತು ಅದರಲ್ಲಿದೆ. ಹುಡುಗ ಫೋನಿನಲ್ಲಿ 'ಹೈ, ಹೈ' ಎಂದು ಜಪಾನಿಯಲ್ಲಿ ಹೌದೆನ್ನುವುದನ್ನು ಕೇಳಿ ಅವನ ದಾದಿ 'ಕ್ಯಾ ಹೈ ರೇ?' ಎಂದು ಗದರಿದರು.

ಕಷ್ಟವಿಲ್ಲವೆಂದಲ್ಲ. ನಿತ್ಯಬಳಕೆಗೆಂದು ಜಪಾನ್ ಸರಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2136 ಕಾಂಜಿ ಚಿತ್ರಾಕ್ಷರಗಳಿವೆ. ಎಲ್ಲವನ್ನೂ ಉರು ಹೊಡೆದು ವಿಮಾನ ಹತ್ತಲಾಗದು. ಬದುಕಿಗೆ ಬೇಕಾದವು ಮೊದಲು ಬರಬೇಕು. ಅಲ್ಲಿಗೆ ಹೋಗುವ ಮುಸ್ಲಿಂ ಹುಡುಗನಿಗೆ ಹೂವು, ಚಂದ್ರನ ಅಕ್ಷರಕ್ಕಿಂತ ಮೊದಲು 'ಬುತ', ಅಂದರೆ ಹಂದಿಯ ಅಕ್ಷರ ಗೊತ್ತಿರಬೇಕು. ಬಿಸ್ಕತ್ತಿನ ಪೊಟ್ಟಣದ ಹಿಂದೆ ಅದು ಸಣ್ಣದಾಗಿ ಕೂತಿರಬಹುದು. ಜೆಲಾಟಿನ್ ಎಂಬುದು 'ಜೆರಾಚಿನ್' ಎಂಬ ವೇಷದಲ್ಲಿರುತ್ತದೆ, ಹೊರಗಿನ ಪದಗಳಿಗೆ ಬಳಸುವ ಕತಕಾನಾ ಲಿಪಿಯಲ್ಲಿ. ಈಮಾನು ಉಳಿಸಿಕೊಳ್ಳಲು ಓದಿದ ಅಕ್ಷರ ಪರೀಕ್ಷೆಗೆ ಓದಿದ ಅಕ್ಷರದಂತೆ ಮರೆತುಹೋಗುವುದಿಲ್ಲ. ಹಾಗೆಯೇ ಔಷಧದ ಚೀಟಿ, ಬಸ್ಸಿನ ವೇಳಾಪಟ್ಟಿ, ಸುಡುವ ಕಸ ಯಾವ ದಿನ, ಪ್ಲಾಸ್ಟಿಕ್ ಯಾವ ದಿನ ಎಂಬ ಊರಾಡಳಿತದ ಕ್ಯಾಲೆಂಡರು.

ಜಪಾನಿನವರೂ ಇದನ್ನು ಅರಿತಿದ್ದಾರೆ. ಅಲ್ಲಿನ ಜಪಾನ್ ಫೌಂಡೇಶನ್ 2020ರಲ್ಲಿ ಹೊರತಂದ 'ಇರೊದೊರಿ' ಪಠ್ಯಮಾಲೆ ಅಂಗಡಿ, ಊಟ, ಕೆಲಸದ ಜಾಗ, ಕಾಯಿಲೆ ಮುಂತಾದ ಸಂದರ್ಭಗಳ ಮೂಲಕವೇ ಕಲಿಸುತ್ತದೆ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ನಮ್ಮ ನಾಡಿನಲ್ಲೂ ಉದಾಹರಣೆಯಿದೆ. ಬಿಡದಿಯ ಟೊಯೊಟಾ ಕಾರ್ಖಾನೆಯ ಆವರಣದಲ್ಲಿ ಗ್ರಾಮೀಣ ಬಡ ಮಕ್ಕಳಿಗಾಗಿ 2007ರಲ್ಲಿ ತಾಂತ್ರಿಕ ತರಬೇತಿ ಸಂಸ್ಥೆ ತೆರೆಯಿತು. 'ಕೈಜೆನ್' ಅಂದರೆ ಸುಧಾರಣೆ, 'ಸೆಯ್ರಿ' ಅಂದರೆ ಬೇಕಾದ್ದು ಬೇಡಾದ್ದನ್ನು ಬೇರ್ಪಡಿಸುವುದು, 'ಸೆಯ್ತೊನ್' ಅಂದರೆ ಜೋಡಿಸಿಡುವುದು. ಇಂಥ ಪದಗಳು ಕಾರ್ಖಾನೆಗಳಲ್ಲಿ ಕೈಯ ಕೆಲಸದ ಜೊತೆಗೇ ಬಾಯಿಗೆ ಬರುತ್ತವೆ.

ಸ್ವಾತಂತ್ರ್ಯ ಹೋರಾಟಗಾರ ಮೌಲವಿ ಬರ್ಕತುಲ್ಲಾ ಭೋಪಾಲಿ 1909ರಲ್ಲಿ ಟೋಕಿಯೊಕ್ಕೆ ಹೋಗಿ ಅಲ್ಲಿನವರಿಗೆ ಹಿಂದೂಸ್ತಾನಿ ಕಲಿಸಿದರು. ಆ ನಗರದ ವಿದೇಶಿ ಅಧ್ಯಯನಗಳ ವಿಶ್ವವಿದ್ಯಾಲಯದಲ್ಲಿ ಇಂದಿಗೂ ಉರ್ದು ಕಲಿಸುತ್ತಾರೆ. ನಮ್ಮ ಭಾಷೆಗೆ ಅವರು ನೆಟ್ಟಗೆ ಬಂದಿದ್ದಾರೆ. ನಮ್ಮ ಹುಡುಗರೂ ನೆಟ್ಟಗೆ ಹೋಗಲಿ. ತಾಲೂಕಿಗೊಂದಾದರೂ ಕನ್ನಡದಲ್ಲೇ ಜಪಾನಿ ಹೇಳಿಕೊಡುವ ತರಗತಿ ಬೇಕು. ಇಂಗ್ಲಿಷ್ ಕಲಿಯಲಿ, ಬೇಡವೆನ್ನುವುದಿಲ್ಲ. ಆದರೆ ಅದು ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಉಳಿದ ಬಾಗಿಲುಗಳೂ ಮುಚ್ಚಬಾರದು.