ಗಾಂಧಿನಗರದಲ್ಲೊಂದು ಶುಕ್ರವಾರ

ಒಂದು ಚಿತ್ರ ಹೇಗೆ ತಯಾರಾಗಿ, ಮಾರಾಟವಾಗಿ, ಜನರನ್ನು ತಲುಪುತ್ತದೆ? ಮಗಳ ಕಾಲೇಜಿನ ಪ್ರಾಜೆಕ್ಟಿಗೆ ಇದೇ ವಿಷಯ. ‘ಸಿನಿಮಾ ನೋಡಿ ಬರೆದರಾಯ್ತಲ್ಲ’ ಎಂದೆ. ‘ನೋಡಿದರೆ ಸಾಲದಪ್ಪಾ’ ಎಂದಳು. ಶುಕ್ರವಾರ ಬೆಳಿಗ್ಗೆ ಇಬ್ಬರೂ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಗಾಂಧಿನಗರಕ್ಕೆ ನಡೆದೆವು.

ಇಲ್ಲಿನ ಇಕ್ಕಟ್ಟಾದ ಮಹಡಿಗಳಲ್ಲಿ ದಶಕಗಳಿಂದ ಕನ್ನಡ ಚಿತ್ರಗಳ ವ್ಯಾಪಾರ ಕುದುರಿದೆ. ಬೆಂಗಳೂರು, ಕೋಲಾರ, ತುಮಕೂರು ಸೇರಿದರೆ ‘ಬಿ.ಕೆ.ಟಿ.’. ನಾಡನ್ನು ಹೀಗೆ ಹೋಳು ಮಾಡಿ ಹಂಚಿಕೆದಾರರಿಗೆ ಮಾರುವುದು ಹಳೆಯ ಪದ್ಧತಿ. ಚಿತ್ರ ಓಡದಿದ್ದರೆ ಮುಂಗಡ ಕೊಟ್ಟು ಕೊಂಡವನ ಗಂಟು ಹೋಯಿತು. ಕೊಳ್ಳುವವರೇ ಸಿಗದಿದ್ದರೆ ಚಿತ್ರಮಂದಿರದ ವಾರದ ಬಾಡಿಗೆಯೂ ನಿರ್ಮಾಪಕನ ತಲೆಗೇ!

ತೀರ್ಪು ಮಾತ್ರ ಪಕ್ಕದ ಕೆಂಪೇಗೌಡ ರಸ್ತೆಯಲ್ಲಿ. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಸಿದ್ಧಲಿಂಗಯ್ಯ ತೆರೆಗೆ ತಂದ ‘ಬಂಗಾರದ ಮನುಷ್ಯ’ 1972ರಲ್ಲಿ ಬಿಡುಗಡೆಯಾಗಿ, ಇಲ್ಲಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದವರ ಕಥೆಗಳನ್ನು ನಮ್ಮ ತಲೆಮಾರು ಕೇಳಿ ಬೆಳೆದಿದೆ. ಯಾವ ಗಲ್ಲಾಪೆಟ್ಟಿಗೆ ಅದನ್ನು ಎಣಿಸೀತು?

ಬೆಳಗಿನ ಆಟ ಬಿಟ್ಟಿತು. ಮಗಳು ನೋಟ್‌ಬುಕ್ ಹಿಡಿದು ಹೊರಬಂದವರನ್ನು ಮಾತನಾಡಿಸಿದಳು. ಒಬ್ಬರು ‘ಸೂಪರ್’ ಎಂದರು, ಇನ್ನೊಬ್ಬರು ‘ದುಡ್ಡು ದಂಡ’ ಎಂದರು. ವಯಸ್ಸಾದ ತಾಯಿಯೊಬ್ಬರು ಏನೂ ಹೇಳದೆ ಸೆರಗಿನಿಂದ ಕಣ್ಣೊರೆಸಿಕೊಂಡರು.

‘ಇದನ್ನು ಹೇಗಪ್ಪಾ ಬರೆಯೋದು?’

‘ಕಂಡ ಹಾಗೇ ಬರಿ’ ಎಂದೆ. ಹಳೆಯ ಪತ್ರಿಕೆಗಳ ಸಿನಿಮಾ ಜಾಹೀರಾತುಗಳಲ್ಲಿ ವಾರಗಳ ಲೆಕ್ಕ ಸಿಗುತ್ತದೆ. ಆ ಕಣ್ಣೀರಿನ ಲೆಕ್ಕ ಬೀದಿಗಿಳಿದವರಿಗಷ್ಟೇ.