ಗೆದ್ದವನಿಗೆ ಭೇರಿ, ಸೋತವನಿಗೆ ಗುಡಿ

ಬೇಸಿಗೆ ರಜೆಗೆ ನೆಂಟರ ಮಕ್ಕಳು ಚಿತ್ರದುರ್ಗಕ್ಕೆ ಬಂದರೆಂದರೆ ನಮ್ಮ ಹಜಾರದಲ್ಲಿ ವಿದ್ವತ್ ಸಭೆ ಶುರು. ಚರ್ಚೆಯ ವಿಷಯ ಒಂದೇ: ಛೋಟಾ ಭೀಮನ ಢೋಲಕ್‌ಪುರ ಎಲ್ಲಿದೆ?

ಹಿರಿಯೂರಿನ ಹುಡುಗನದು ನೀರಿನ ವಾದ. ವಾಣಿವಿಲಾಸ ಸಾಗರ 1933ರ ಮೇಲೆ 2022ರಲ್ಲಿ ಕೋಡಿ ಬಿದ್ದದ್ದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದವನು ಅವನು. ಅಂಥ ನೀರಿರುವ ಊರು ಬಿಟ್ಟು ಭೀಮ ಇನ್ನೆಲ್ಲಿ ಈಜಾಡಿಯಾನು ಎನ್ನುತ್ತಾನೆ. ಹೊಳಲ್ಕೆರೆಯವಳದು ತಿಂಡಿಯ ವಾದ. ಭೀಮನಿಗೆ ಶಕ್ತಿ ಬರುವುದು ಲಾಡುವಿನಿಂದ, ಲಾಡು ಇರುವುದು ಗಣಪನ ಹತ್ತಿರ, ಗಣಪ ಬಯಲಲ್ಲಿ ಕೂತಿರುವುದು ಹೊಳಲ್ಕೆರೆಯಲ್ಲಿ. ತರ್ಕಶಾಸ್ತ್ರ ಓದಿದವರೂ ಇದನ್ನು ಮುರಿಯಲಾರರು. ಹೊಸದುರ್ಗದ ನಮ್ಮ ಭಾವ ಸಾಣೇಹಳ್ಳಿಯ ನಾಟಕೋತ್ಸವ ತಪ್ಪಿಸದ ಆಸಾಮಿ. "ಭೀಮ ಅಂದ್ರೆ ಮೀಸೆ ಇರಬೇಕು, ಗದೆ ಇರಬೇಕು. ಪಂಚೆ ಉಟ್ಟ ಪುಟಾಣಿ ಹೆಂಗ್ರೀ ಭೀಮ ಆಗ್ತಾನೆ?" ಎಂದು ಇಡೀ ಸಭೆಯನ್ನೇ ಬರಖಾಸ್ತು ಮಾಡಲು ನೋಡುತ್ತಾರೆ.

ರಾಜೀವ್ ಚಿಲಕ ಅವರ ಈ ಹುಡುಗ ಪೋಗೋ ಚಾನೆಲ್ಲಿಗೆ ಬಂದದ್ದು 2008ರಲ್ಲಿ. ಆಗಲೂ ಅವನಿಗೆ ಒಂಬತ್ತು ವರ್ಷ, ಈಗಲೂ ಒಂಬತ್ತೇ. ಅವನ ಜೊತೆ ಶುರುವಿನಲ್ಲಿ ಟೀವಿ ಮುಂದೆ ಕೂತಿದ್ದ ಮಕ್ಕಳು ಈಗ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುತ್ತಿದ್ದಾರೆ. ಬೆಳೆಯದ ಹುಡುಗನನ್ನು ಕಂಡರೆ ಬೆಳೆದವರಿಗೆ ತಡೆಯುವುದಿಲ್ಲ, ಏನಾದರೊಂದು ಕಾರಣ ಹುಡುಕಬೇಕು. ಜಪಾನಿನ ಡೋರೇಮಾನ್ ಕಥೆಯೆಲ್ಲ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ ನೊಬಿತಾ ಕಂಡ ಕನಸು ಎಂದು ಯಾರೋ ಹಬ್ಬಿಸಿದರು. ಮಕ್ಕಳ ಕಥೆಗೆ ಹೀಗೆ ಹೆಣದ ವಾಸನೆ ಹಚ್ಚುವವರನ್ನು ಕಂಡರೆ ನನಗಾಗದು. ನಮ್ಮ ದೇಶದವರು ವಾಸಿ, ಮದುವೆಯ ಸುದ್ದಿ ಹಬ್ಬಿಸಿದರು. ಭೀಮ ಗೆಳತಿ ಚುಟ್ಕಿಗೆ ಕೈಕೊಟ್ಟು ರಾಜಕುಮಾರಿ ಇಂದುಮತಿಯನ್ನು ಕಟ್ಟಿಕೊಂಡನಂತೆ ಎಂದು 2020ರಲ್ಲಿ ಗುಲ್ಲೆದ್ದು, ಚುಟ್ಕಿಗೆ ನ್ಯಾಯ ಬೇಕೆಂದು ದೊಡ್ಡ ಬೊಬ್ಬೆಯಾಯಿತು. ಕೊನೆಗೆ ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯವರೇ, ಇವರೆಲ್ಲ ಇನ್ನೂ ಮಕ್ಕಳು, ಮದುವೆಯ ಸುದ್ದಿ ಸುಳ್ಳು ಎಂದು ಹೇಳಿಕೆ ಕೊಡಬೇಕಾಯಿತು.

ದುರ್ಗದವರನ್ನು ಕೇಳಿದ್ದರೆ ಅಷ್ಟು ರಾದ್ಧಾಂತ ಆಗುತ್ತಿರಲಿಲ್ಲ. ಭೀಮ ಕೈಹಿಡಿದದ್ದು ಚುಟ್ಕಿಯನ್ನೂ ಅಲ್ಲ, ಇಂದುಮತಿಯನ್ನೂ ಅಲ್ಲ, ಹಿಡಿಂಬೆಯನ್ನು. ಅವಳ ಅಣ್ಣ ಹಿಡಿಂಬ ಇದ್ದದ್ದು ನಮ್ಮ ಬೆಟ್ಟದ ಮೇಲೆ. ಅಲ್ಲಿಗೆ ಭೀಮ ನಮ್ಮೂರ ಅಳಿಯ! ಭಾವ ಭಾವಮೈದ ಹೊಡೆದಾಡುವಾಗ ಒಬ್ಬರ ಮೇಲೊಬ್ಬರು ಎಸೆದ ಬಂಡೆಗಳೇ ಈಗಲೂ ಊರ ಸುತ್ತ ಬಿದ್ದಿವೆ ಎನ್ನುತ್ತಾರೆ. ನಂಬದಿದ್ದವರಿಗೆ ಸಾಕ್ಷಿಯೂ ಉಂಟು. ಕೋಟೆಯೊಳಗಿನ ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬನ ಹಲ್ಲೆಂದು ಒಂದು ಮೂಳೆಯ ತುಂಡನ್ನೂ, ಭೀಮನ ಭೇರಿಯೆಂದು ಕಬ್ಬಿಣದ ತಗಡಿನ ದೊಡ್ಡದೊಂದು ಉರುಳೆಯನ್ನೂ ತೋರಿಸುತ್ತಿದ್ದುದನ್ನು ಬಿ.ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಬರೆದಿಟ್ಟಿದ್ದಾನೆ. ಭೇರಿ 6 ಅಡಿ ಎತ್ತರ, 10 ಅಡಿ ಸುತ್ತಳತೆ. ದೊರೆಯ ಕಾಲದ ಅಧಿಕಾರಿ ಟೇಪು ಹಿಡಿದ ಮೇಲೆ ಇನ್ನೇನು ಬೇಕು? ಮನಾಲಿಯವರು ಹಿಡಿಂಬೆ ತಮ್ಮವಳೆಂದು 1553ರಲ್ಲೇ ಗುಡಿ ಕಟ್ಟಿದ್ದಾರೆ, ಬಕಾಸುರ ಸತ್ತದ್ದು ತಮ್ಮಲ್ಲೆಂದು ಕೈವಾರದವರು ಹೇಳುತ್ತಾರೆ. ಹೇಳಲಿ ಬಿಡಿ, ಹಲ್ಲು ನಮ್ಮ ಕಡೆ ಇದೆ.

ನನಗೆ ಸೋಜಿಗ ಬೇರೆಯೇ. ಗೆದ್ದವನು ಭೀಮ, ಗುಡಿಗೆ ಇಟ್ಟ ಹೆಸರು ಹಿಡಿಂಬನದು. ಭೀಮನ ಪಾಲಿಗೆ ಬಂದದ್ದು ಒಂದು ಭೇರಿ, ಅದೂ ಸೋತವನ ಗುಡಿಯಲ್ಲೇ. ರನ್ನ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ ಅಲ್ಲವೆ? ತನ್ನ ದೊರೆ ಸತ್ಯಾಶ್ರಯನೇ ಭೀಮ ಎಂದು ಸಾಧಿಸಲು ಇಡೀ 'ಸಾಹಸಭೀಮ ವಿಜಯ'ವನ್ನೇ ಬರೆದ. ಸಾವಿರ ವರ್ಷದ ಹಿಂದೆ ಭೀಮ ಯಾರೆಂದು ಸಿದ್ಧಾಂತ ಕಟ್ಟಿ ದೊರೆಯಿಂದ ಮನ್ನಣೆ ಪಡೆದ ಗಟ್ಟಿಗ. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ.

ನಮ್ಮ ಸಭೆಯ ಅತಿ ಕಿರಿಯ ಸದಸ್ಯೆ, ನನ್ನ ಮೊಮ್ಮಗಳು, ಇದ್ಯಾವುದನ್ನೂ ಓದಿದವಳಲ್ಲ. ಬಾಯ್ತುಂಬ ಶೇಂಗಾ ಉಂಡೆ ಇಟ್ಟುಕೊಂಡೇ ಅವಳು ಛೋಟಾ ಭೀಮನ ಎದುರಾಳಿ ಕಾಲಿಯಾನ ವಕಾಲತ್ತು ವಹಿಸಿದಳು. "ತಾತ, ಕಾಲಿಯಾ ಇಲ್ದಿದ್ರೆ ಭೀಮ ಯಾರನ್ನ ಸೋಲಿಸ್ತಿದ್ದ? ದಿನಾ ಸೋತ್ರೂ ಮತ್ತೆ ಬರ್ತಾನಲ್ಲ, ಅವನೇ ಹೀರೋ." ಹಿರಿಯೂರಿನವನಿಗೂ ಹೊಳಲ್ಕೆರೆಯವಳಿಗೂ ಉತ್ತರ ಹೊಳೆಯಲಿಲ್ಲ. ಭಾವ ಮಾತ್ರ ಕಾಲಿಯಾನಿಗೂ ಮೀಸೆ ಇಲ್ಲ ಎಂದು ಗೊಣಗಿದರು.

ಆದ್ದರಿಂದ ದುರ್ಗದ ಕೋಟೆಗೆ ಮಕ್ಕಳನ್ನು ಕರೆತರುವವರು ಓಬವ್ವನ ಕಿಂಡಿ ತೋರಿಸಿ ಹಿಂದಿರುಗಬೇಡಿ. ಹಿಡಿಂಬೇಶ್ವರನ ಗುಡಿಗೂ ಹತ್ತಿಸಿ, ಸಿದ್ಧಾಂತ ಕಟ್ಟುವ ಕೆಲಸ ಅವರಿಗೇ ಬಿಡಿ. ಹತ್ತುವ ಮುಂಚೆ ನೀರಿನ ಬಾಟಲಿ ತುಂಬಿಸಿಕೊಳ್ಳಿ, ನಮ್ಮೂರ ಬಿಸಿಲು ಜೋರು.